ಅಜ್ಜಿಯ ಕಥೆ, ಮೊಮ್ಮಗನ ಮಹಾಕಥೆ



ರಾಜ್ಯೋತ್ಸವದ ವೇದಿಕೆಯಲ್ಲಿ ಇಂಗ್ಲೀಷ್ ಕಾದಂಬರಿಯೊಂದರ ವಿಚಾರ ಮಾತನಾಡಲು ಎದ್ದಿದ್ದೇನೆ. ಹಿರಿಯರು ಹುಬ್ಬೇರಿಸಬಾರದು. ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮೆಲ್ಲರಿಗೂ ಇದು ಸಂಬಂಧಪಟ್ಟದ್ದೆಂದು ಕೊನೆಯಲ್ಲಿ ತಾವೇ ಒಪ್ಪುವಿರಿ.

ಕೆನ್ ಲಿಯು 1976ರಲ್ಲಿ ಚೀನಾದೇಶದಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿನಲ್ಲಿ ಅಮೆರಿಕೆಗೆ ಹೋದವರು. ಅವರ ಚೊಚ್ಚಲ ಕಾದಂಬರಿ ‘ದಿ ಗ್ರೇಸ್ ಆಫ್ ಕಿಂಗ್ಸ್’ 2015ರಲ್ಲಿ ಹೊರಬಂತು. ಮರುವರ್ಷ ಅದಕ್ಕೆ ಉತ್ತಮ ಮೊದಲ ಕಾದಂಬರಿಯೆಂದು ಲೋಕಸ್ ಪ್ರಶಸ್ತಿ ದೊರೆಯಿತು.

ದಾರಾ ಎಂಬ ಕಲ್ಪನೆಯ ದ್ವೀಪಗಳಲ್ಲಿ ಕಥೆ ನಡೆಯುತ್ತದೆ. ಅಲ್ಲಿ ಆಕಾಶದಲ್ಲಿ ತೇಲುವ ಹಡಗುಗಳಿವೆ, ಮನುಷ್ಯರನ್ನು ಹೊತ್ತೇರುವ ಗಾಳಿಪಟಗಳಿವೆ. ದೇವತೆಗಳು ಮನುಷ್ಯರ ಜಗಳದಲ್ಲಿ ಪಕ್ಷ ಕಟ್ಟುತ್ತಾರೆ. ಏಳು ರಾಜ್ಯಗಳನ್ನು ಒಂದೇ ಕೊಡೆಯ ಕೆಳಗೆ ತಂದ ಚಕ್ರವರ್ತಿಯ ದಬ್ಬಾಳಿಕೆಯ ವಿರುದ್ಧ ಇಬ್ಬರು ಏಳುತ್ತಾರೆ. ಕುನಿ ಗಾರು ಪೋಲಿ ಅಲೆದವನು, ಮಾತಿನ ಮಲ್ಲ. ಮಾಟಾ ಜಿಂಡು ವೀರಮನೆತನದ ಕುಡಿ, ಮಾನಧನ. ಅಣ್ಣತಮ್ಮಂದಿರಂತಿದ್ದವರು ಕೊನೆಗೆ ಸಿಂಹಾಸನಕ್ಕಾಗಿ ಎದುರಾಗುತ್ತಾರೆ.

ಇದರ ಬೇರು ಚೀನಾದ ಚರಿತ್ರೆಯಲ್ಲಿದೆ. ಛಿನ್ ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಲಿಯು ಬಾಂಗ್, ಶಿಯಾಂಗ್ ಯು ಎಂಬವರು ಕಾದಾಡಿದರು, ಕ್ರಿ.ಪೂ. 202ರಲ್ಲಿ ಲಿಯು ಬಾಂಗ್ ಗೆದ್ದು ಹಾನ್ ವಂಶದ ಚಕ್ರವರ್ತಿಯಾದ. ಆದರೂ ಸೋತ ಶಿಯಾಂಗ್ ಯುವನ್ನು ಆ ಜನ ಮರೆಯಲಿಲ್ಲ. ಮಾಟಾನ ಅಂತ್ಯವನ್ನು ಓದುವಾಗ ನನಗೆ ನಮ್ಮ ರನ್ನನ ದುರ್ಯೋಧನ ಕಣ್ಣಮುಂದೆ ನಿಂತ. ಗೆದ್ದವನ ಕಥೆ ಹೇಳಲು ಹೊರಟ ಕವಿ, ಸೋತವನ ಛಲಕ್ಕೂ ಕಣ್ಣೀರಿಗೂ ಎಷ್ಟು ಎಡೆಕೊಟ್ಟಿದ್ದಾನೆ! ಆ ಔದಾರ್ಯ ಈ ಕಾದಂಬರಿಯಲ್ಲೂ ಇದೆ.

ಕೊರತೆಯಿಲ್ಲವೆಂದಲ್ಲ. ಪಾತ್ರಗಳ ಸಂತೆಯಲ್ಲಿ ಮೊದಲು ತಲೆ ತಿರುಗುತ್ತದೆ; ಹೆಂಗಸರಿಗೆ ಪೂರ್ವಾರ್ಧದಲ್ಲಿ ಸಾಕಷ್ಟು ಸ್ಥಾನವಿಲ್ಲ. ಆದರೆ ಗಿನ್ ಮಜೋಟಿ ಎಂಬ ಸೇನಾನಾಯಕಿ ಬಂದಳೆಂದರೆ ಯುದ್ಧದ ರೀತಿಯೇ ಬದಲಾಗುತ್ತದೆ. ಪುಸ್ತಕವನ್ನು ಕೆಳಗಿಡುವುದೇ ಕಷ್ಟ.

ಈ ಕಥೆಗಳು ಲಿಯು ಅವರಿಗೆ ಮೊದಲು ದಕ್ಕಿದ್ದು ಕಿವಿಯಿಂದ. ಹುಡುಗನಾಗಿದ್ದಾಗ ಅಜ್ಜಿಯೊಡನೆ ಕುಳಿತು ರೇಡಿಯೋದಲ್ಲಿ ಕಥೆಗಾರರು ಹೇಳುವ ವೀರಕಥೆಗಳನ್ನು ಕೇಳುತ್ತಿದ್ದರು. ನಮ್ಮ ಹರಿಕಥೆ, ಗಮಕಗಳ ಹಾಗೆಯೇ ಅದೂ. ಹಡಗಿನಲ್ಲಿ ಸಾಗಿಸಲಾಗದ ಆ ಆಸ್ತಿ ಹುಡುಗನ ನೆನಪಿನಲ್ಲಿ ಕಡಲು ದಾಟಿತು.

ಇವರದೇ ‘ದಿ ಪೇಪರ್ ಮೆನಾಜರಿ’ ಎಂಬ 2011ರ ಸಣ್ಣಕಥೆಯಲ್ಲಿ ಇನ್ನೊಂದು ಮುಖವಿದೆ. ತಾಯಿಯ ನುಡಿಯನ್ನು ತಿರಸ್ಕರಿಸಿದ ಮಗ, ಆಕೆ ತೀರಿಕೊಂಡ ಮೇಲೆ ಆಕೆಯ ಪತ್ರವನ್ನು ಅಪರಿಚಿತರಿಂದ ಓದಿಸಿಕೊಳ್ಳಬೇಕಾಗುತ್ತದೆ. ಬಂಧುಗಳೇ, ನಮ್ಮ ಮನೆಗಳಲ್ಲಿ ಈ ಪಾಡು ಬರಬಾರದು.

ನಮ್ಮ ಮಕ್ಕಳು ನಾಳೆ ಯಾವ ಭಾಷೆಯಲ್ಲಿ ಬರೆದರೂ ಬರೆಯಲಿ, ಅದಕ್ಕೆ ನಾವು ಕೊರಗಬೇಕಿಲ್ಲ. ಬರೆಯಲು ಕೂತಾಗ ಅವರೊಳಗೆ ಗದುಗಿನ ಭಾರತದ ದನಿಯಿದೆಯೇ, ಚೆನ್ನಮ್ಮನ ಕಥೆಯಿದೆಯೇ ಎಂಬುದೇ ಪ್ರಶ್ನೆ. ಅದನ್ನು ಇಡಬೇಕಾದವರು ನಾವು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ಕನ್ನಡದಲ್ಲಿ, ಒಂದು ಕಥೆ ಹೇಳಿ. ಅಷ್ಟು ಮಾಡಿದರೆ ಮುಂದಿನದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಜೈ ಕರ್ನಾಟಕ.