ಕಾಯುವವಳ ಕೆಲಸ

ಈ ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಒಲೆಯ ಮೇಲೆ ಹಾಲು ಕಾಯುತ್ತಿರಬಹುದು. ಯಾರೋ ಮೊದಲ ಬಸ್ಸಿಗೆ ಕಾಯುತ್ತಿರಬಹುದು. ರಾತ್ರಿಯೆಲ್ಲ ತೋಟವನ್ನೋ ಕಟ್ಟಡವನ್ನೋ ಕಾದವರು ಈಗ ಮನೆಯ ದಾರಿ ಹಿಡಿದಿರಬಹುದು. ಇವೆಲ್ಲಕ್ಕೂ ಕನ್ನಡದಲ್ಲಿ ಒಂದೇ ಮಾತು: ಕಾಯುವುದು. ಈ ಮಾತು ನನ್ನ ಬದುಕಿನಲ್ಲಿ ಹೇಗೆ ದೊಡ್ಡದಾಯಿತು ಎಂಬುದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ನನಗೆ ಒಂದು ವರ್ಷ ಹತ್ತು ತಿಂಗಳ ಮಗಳಿದ್ದಾಳೆ. ಅವಳು ಹುಟ್ಟುವ ಮುಂಚೆ ಎಂಟು ವರ್ಷ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. 26 ವಾರದ ಹೆರಿಗೆ ರಜೆ ಮುಗಿದಾಗ, ಗಂಡ ಹೆಂಡತಿ ನಾವಿಬ್ಬರೂ ಕೂತು ಮಾತಾಡಿ, ನಾನು ಕೆಲಸ ಬಿಡುವುದೆಂದು ತೀರ್ಮಾನಿಸಿದೆವು. ಆಮೇಲೆ ಒಂದು ಮದುವೆ ಮನೆಯಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ, "ಈಗೇನು ಮಾಡ್ಕೊಂಡಿದ್ದೀಯಮ್ಮ?" ಅಂದರು. "ಏನಿಲ್ಲ ಆಂಟಿ, ಮನೇಲೇ ಇದ್ದೀನಿ" ಅಂದೆ. ಯಾರೂ ನನ್ನ ಬಾಯಲ್ಲಿ ಆ ಮಾತು ಹೇಳಿಸಲಿಲ್ಲ. ನಾನೇ ಹೇಳಿದೆ. ಮೈಸೂರಿಗೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಆ 'ಏನಿಲ್ಲ' ನನ್ನನ್ನು ಚುಚ್ಚುತ್ತಲೇ ಇತ್ತು.

ಅದಾದ ಕೆಲವು ದಿನಕ್ಕೆ ಅರಕಲಗೂಡಿನ ಕಡೆ ನನ್ನ ತವರಿಗೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ರಾಗಿ ಹಸನು ಮಾಡುತ್ತಿದ್ದರು. ಮಗಳನ್ನು ನೋಡಿ ಕೇಳಿದರು, "ಅಲ್ಲಿ ಮಗೀನ ಯಾರವ್ವ ಕಾಯ್ತಾರೆ?" "ನಾನೇ ಅಜ್ಜಿ" ಅಂದೆ. "ಹಂಗಾದ್ರೆ ಬ್ಯಾರೆ ಕೆಲ್ಸ ಎಲ್ಲಾಯ್ತದೆ ಬುಡು. ಅದೇ ಒಂದಾಳಿನ ಕೆಲ್ಸ" ಅಂದವರೇ ಮತ್ತೆ ಮೊರದಲ್ಲಿ ಕೇರತೊಡಗಿದರು.

ನನ್ನನ್ನು ಸಮಾಧಾನ ಮಾಡಲು ಅಜ್ಜಿ ಹಾಗೆ ಹೇಳಲಿಲ್ಲ. ನಾಟಿಗೆ ಇಷ್ಟು ಆಳು, ಕಳೆಗೆ ಇಷ್ಟು ಆಳು ಎಂದು ಬದುಕೆಲ್ಲ ದುಡಿಮೆಯನ್ನು ಆಳಿನ ಲೆಕ್ಕದಲ್ಲಿ ಅಳೆದವರು ಅವರು. ಆ ಲೆಕ್ಕದಲ್ಲಿ ಮಗು ಕಾಯುವುದಕ್ಕೂ ಒಂದು ಆಳು ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಲೆಕ್ಕವೇ ವೃತ್ತಿಯಾಗಿದ್ದ ನನಗೆ ಅದು ಹೊಳೆದಿರಲಿಲ್ಲ.

ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ತುಂಬಾ ಯೋಚಿಸಿದ್ದೇನೆ. ಅಡುಗೆ ಮಾಡಿದರೆ ಪಾತ್ರೆಯಲ್ಲಿ ಅಡುಗೆ ಕಾಣುತ್ತದೆ, ಬಟ್ಟೆ ಒಗೆದರೆ ಹಗ್ಗದ ಮೇಲೆ ಬಟ್ಟೆ ಕಾಣುತ್ತದೆ. ಕಾಯುವ ಕೆಲಸ ಹಾಗಲ್ಲ. ಹೊಲ ಕಾದವನು ಬೆಳಗ್ಗೆ ಏನು ತೋರಿಸಬಲ್ಲ? ಹಂದಿ ನುಗ್ಗಲಿಲ್ಲ, ಬೆಳೆ ನಿನ್ನೆ ಇದ್ದ ಹಾಗೇ ಇದೆ, ಅಷ್ಟೇ. ಏನೂ ಆಗದೆ ಇರುವುದೇ ಅವನ ದುಡಿಮೆ.

ಕಳೆದ ಡಿಸೆಂಬರಿನ ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ಪೇಪರು ಹರಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದೆ. ಕೈಗೆಲ್ಲ ಸೊಗಡು. ಮಗಳು ಪಕ್ಕದಲ್ಲಿ ಕೂತು ಸಿಪ್ಪೆಗಳನ್ನು ಸ್ಟೀಲ್ ಲೋಟಕ್ಕೆ ತುಂಬುವುದು, ಸುರಿಯುವುದು, ಲೋಟವನ್ನು ನೆಲಕ್ಕೆ ಕುಟ್ಟುವುದು, ಹೀಗೆ ಆಡುತ್ತಿದ್ದಳು. ಆ ಸದ್ದು ಕಿವಿಗೆ ಬೀಳುತ್ತಿರುವಷ್ಟು ಹೊತ್ತು ನನ್ನ ಕಣ್ಣು ಕಾಯಿಯ ಮೇಲೆ. ಒಮ್ಮೆಲೇ ಸದ್ದು ನಿಂತಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸದ್ದು ನಿಂತರೆ ಎದ್ದು ನೋಡಬೇಕು. ಇದು ತಾಯಂದಿರಿಗೆಲ್ಲ ಗೊತ್ತಿರುವ ವಿದ್ಯೆ. ತಿರುಗಿದರೆ ಅವಳು ನನಗೆ ಬೆನ್ನು ಮಾಡಿ ಕೂತಿದ್ದಾಳೆ. ಒಂದು ಕಾಳು ಬೆರಳ ತುದಿಯಲ್ಲಿ, ಮೂಗಿನ ಹೊಳ್ಳೆಯ ಬಾಗಿಲಲ್ಲಿ. ಇನ್ನೊಂದು ಆಗಲೇ ಬಾಯೊಳಗೆ, ಕೆನ್ನೆಯ ಸಂದಿನಲ್ಲಿ. ಮೂಗಿನ ಹತ್ತಿರದ ಕಾಳು ಕಿತ್ತುಕೊಂಡೆ, ಬಾಯೊಳಗಿನದನ್ನು ಬೆರಳಿನಿಂದ ಮೆಲ್ಲಗೆ ಹೊರಗೆ ಜಾರಿಸಿದೆ. ಅವಳು ಅತ್ತಳು. ಸೊಂಟಕ್ಕೆ ಎತ್ತಿಕೊಂಡೇ ನೆಲವನ್ನೆಲ್ಲ ಗುಡಿಸಿದೆ. ಮಂಚದ ಕೆಳಗೆ ಇನ್ನೂ ನಾಲ್ಕು ಕಾಳು ಸಿಕ್ಕವು. ಇಷ್ಟು ಚಿಕ್ಕ ಮಕ್ಕಳಿಗೆ ಶ್ವಾಸನಾಳ ಬಹಳ ಕಿರಿದು, ಅಗಿಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಕಡಲೆಬೀಜ, ಬಟಾಣಿ, ಅವರೆಕಾಳಿನಂಥದನ್ನು ಕೈಗೆ ಸಿಗದಂತೆ ಇಡಿ ಎಂದು ವೈದ್ಯರು ಹೇಳುವುದು ಅದಕ್ಕೇ.

ಸಾಯಂಕಾಲ ನನ್ನ ಗಂಡ ಬಂದು ಶೂ ಬಿಚ್ಚುತ್ತಾ, "ಇವತ್ತೇನಾಯ್ತು?" ಎಂದು ಕೇಳಿದರು. "ಏನಿಲ್ಲ, ಅವರೆಕಾಳು ಸಾರು ಮಾಡಿದೀನಿ" ಅಂದೆ. ಮದುವೆ ಮನೆಯ ಅದೇ 'ಏನಿಲ್ಲ' ಮತ್ತೆ ನನ್ನ ಬಾಯಲ್ಲಿ ಬಂದಿತ್ತು. ಆದರೆ ಈ ಸಲ ಅದರ ತೂಕ ನನಗೆ ಗೊತ್ತಿತ್ತು. ಅವತ್ತು ಏನೂ ಆಗಲಿಲ್ಲ. ಏನೂ ಆಗದ ಹಾಗೆ ನೋಡಿಕೊಂಡಿದ್ದೆ.

ಈ ಕೆಲಸವನ್ನು ಲೆಕ್ಕಕ್ಕೆ ತರಲು ನಮ್ಮ ದೇಶಕ್ಕೂ ಕಷ್ಟವಾಗಿದೆ. 2001ರ ಜನಗಣತಿಯಲ್ಲಿ ಸುಮಾರು 36 ಕೋಟಿ ಮಹಿಳೆಯರು ಕೆಲಸ ಮಾಡದವರ ಪಟ್ಟಿಗೆ ಸೇರಿದ್ದರು, ಭಿಕ್ಷುಕರು, ಕೈದಿಗಳ ಜೊತೆಗೆ ಒಂದೇ ಗುಂಪಿನಲ್ಲಿ. ರಸ್ತೆ ಅಪಘಾತದಲ್ಲಿ ತೀರಿಕೊಂಡ ಒಬ್ಬ ಗೃಹಿಣಿಯ ಕುಟುಂಬದ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಕಟುವಾಗಿಯೇ ಟೀಕಿಸಿತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಮಕ್ಕಳು, ಹಿರಿಯರ ಆರೈಕೆಯಲ್ಲಿ ತೊಡಗುವ ಹೆಂಗಸರು ಅದಕ್ಕೆ ಕೊಡುವುದು 137 ನಿಮಿಷ, ಗಂಡಸರು 75.

ಈ ಅಂಕಿಗಳು ಬೇಕು, ಇವನ್ನು ಕಲೆಹಾಕಿದವರಿಗೆ ನಾನು ಋಣಿ. ಆದರೂ ಒಂದು ಮಾತು. ಚಪಾತಿ ಲಟ್ಟಿಸುವಾಗ ನನ್ನ ಕೈ ಹಿಟ್ಟಿನ ಮೇಲಿದ್ದರೂ ಕಿವಿ ಹಜಾರದ ಕಡೆಗೇ ಇರುತ್ತದೆ. ಸ್ನಾನಕ್ಕೆ ಹೋದರೂ ಬಾಗಿಲಿನ ಚಿಲಕ ಹಾಕುವುದಿಲ್ಲ. ನಡುರಾತ್ರಿ ಅವಳು ಮಗ್ಗುಲು ಬದಲಿಸಿದರೆ ನನಗೆ ಎಚ್ಚರವಾಗುತ್ತದೆ. ಆ ಕಿವಿಯ ಎಚ್ಚರ ಯಾವ ಗಂಟೆಯ ಲೆಕ್ಕಕ್ಕೆ ಸೇರುತ್ತದೆ?

ಕಾಯುವುದಕ್ಕೆ ಇನ್ನೊಂದು ಅರ್ಥವಿದೆಯಲ್ಲ, ತಾಳ್ಮೆಯಿಂದ ಎದುರುನೋಡುವುದು. ನನ್ನ ದಿನದ ಬಹುಪಾಲು ಅದರಲ್ಲೇ ಕಳೆಯುತ್ತದೆ. ಈಚೆಗೆ ಮಗಳು 'ನಾನೇ' ಎನ್ನುವ ಮಾತು ಕಲಿತಿದ್ದಾಳೆ. ಚಪ್ಪಲಿ ತಾನೇ ಹಾಕಿಕೊಳ್ಳಬೇಕು. ಎಡಗಾಲಿನದು ಬಲಗಾಲಿಗೆ ಹೋಗುತ್ತದೆ, ಬೆರಳು ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ನಾನು ಕೈ ಚಾಚಿದರೆ "ನಾನೇ" ಎಂದು ತಳ್ಳುತ್ತಾಳೆ. ನಾನು ಮಾಡಿದರೆ ಅರ್ಧ ನಿಮಿಷದ ಕೆಲಸ. ಮೆಟ್ಟಿಲಿನಲ್ಲಿ ಕೂತು ಕಾಯುತ್ತೇನೆ. ಕೊನೆಗೊಮ್ಮೆ ಪಾದ ಚಪ್ಪಲಿಯೊಳಗೆ ಹೋದಾಗ ಅವಳು ಮೊದಲು ನೋಡುವುದು ಚಪ್ಪಲಿಯನ್ನಲ್ಲ, ನನ್ನ ಮುಖವನ್ನು. ನಾನು ಕಂಡೆನೇ ಎಂದು ನೋಡುತ್ತಾಳೆ. ಆ ಗಳಿಗೆಯಲ್ಲಿ ನನ್ನ ಕಣ್ಣು ಮೊಬೈಲಿನಲ್ಲಿದ್ದರೆ ಅವಳ ಗೆಲುವಿಗೆ ಸಾಕ್ಷಿಯೇ ಇಲ್ಲ.

ಪಾರ್ಕಿನಲ್ಲೂ ಅಷ್ಟೇ. ಹೊಂಗೆ ಮರದ ಕಟ್ಟೆಯ ಮೇಲೆ ನಾನು ಕೂತರೆ ಅವಳು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡುತ್ತಾಳೆ. ಇದ್ದೇನೆ ಎಂದು ಖಾತ್ರಿಯಾದರೆ ಇನ್ನೂ ಹತ್ತು ಹೆಜ್ಜೆ. ಬಿದ್ದ ಹೊಂಗೆ ಕಾಯೊಂದನ್ನು ತಂದು ನನ್ನ ಕೈಯಲ್ಲಿಟ್ಟು ಮತ್ತೆ ಹೊರಡುತ್ತಾಳೆ. ಮೇರಿ ಏನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1950ರ ದಶಕದ ನಡುವಿನಲ್ಲಿ ಉಗಾಂಡಾದ ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಮನೆಗೆ ಹೋಗಿ ಎಳೆಯ ಮಕ್ಕಳನ್ನು ಗಮನಿಸಿದರು. ಅವರು ಕಂಡದ್ದೂ ಇದನ್ನೇ: ನಂಬಿದ ಜೀವವೊಂದು ಅಲ್ಲೇ ಕೂತಿದೆ ಎಂಬ ಧೈರ್ಯವಿದ್ದರೆ ಮಗು ಲೋಕ ನೋಡಲು ಹೊರಡುತ್ತದೆ, ನಡುನಡುವೆ ಬಂದು ಹೋಗುತ್ತದೆ. ಕಟ್ಟೆಯ ಮೇಲೆ ಸುಮ್ಮನೆ ಕೂತ ಹಾಗೆ ಕಾಣುವ ತಾಯಿ ಆ ಹೊತ್ತಿನಲ್ಲಿ ಮಗುವಿಗೆ ಧೈರ್ಯ ಕೊಡುತ್ತಿರುತ್ತಾಳೆ.

ಇಷ್ಟು ಹೇಳಿದ ಮೇಲೆ ದಣಿವಿನ ಮಾತನ್ನೂ ಹೇಳಬೇಕು. ಒಂದು ಸಂಜೆ, ಮಧ್ಯಾಹ್ನದ ನಿದ್ದೆ ತಪ್ಪಿದ ಮಗು, ಊಟ ಮಾಡದ ನಾನು. ಅವಳು ರಾಗಿ ಸರಿಯ ಬಟ್ಟಲನ್ನು ಮೂರನೇ ಸಲ ನೆಲಕ್ಕೆ ಚೆಲ್ಲಿದಾಗ ಜೋರಾಗಿ ಗದರಿಬಿಟ್ಟೆ. ಅವಳ ತುಟಿ ನಡುಗಿತು. ಅಳುತ್ತಾ ನೇರವಾಗಿ ನನ್ನ ಹತ್ತಿರವೇ ಬಂದು ಮಡಿಲಿನಲ್ಲಿ ಮುಖ ಹುದುಗಿಸಿದಳು. ಹೆದರಿಸಿದವಳೂ ನಾನೇ, ಓಡಿ ಬರಬೇಕಾದ ಜಾಗವೂ ನಾನೇ. ಆ ಮನೆಯಲ್ಲಿ ಆ ಹೊತ್ತಿಗೆ ಅವಳಿಗೆ ಬೇರೆ ಮಡಿಲು ಇರಲಿಲ್ಲ, ನನಗೂ ಇರಲಿಲ್ಲ.

ಆಗ ನನಗೆ ಮತ್ತೆ ನೆನಪಾದದ್ದು ಅಜ್ಜಿಯ ಜಗಲಿ. ಒಂದಾಳಿನ ಕೆಲಸ ಎಂದರು ನಿಜ. ಆದರೆ ಆ ಹಳ್ಳಿಯಲ್ಲಿ ಒಬ್ಬಳೇ ಆಳು ಬೆಳಗಿನಿಂದ ರಾತ್ರಿಯವರೆಗೆ ಕಾಯುತ್ತಿರಲಿಲ್ಲ. ಅಮ್ಮ ಗದ್ದೆಗೆ ಹೋದರೆ ಅಜ್ಜಿ, ಅಜ್ಜಿ ಒಳಗೆ ಹೋದರೆ ಪಕ್ಕದ ಮನೆಯವರು, ಸಂಜೆಗೆ ಸೊಂಟದ ಮೇಲೆ ಎತ್ತಿಕೊಂಡು ತಿರುಗುವ ದೊಡ್ಡ ಹುಡುಗಿಯರು. ನಾಲೆಯ ನೀರಿಗೆ ಸರದಿ ಇದ್ದ ಹಾಗೆ ಮಗುವಿಗೂ ಸರದಿ ಇತ್ತು. ಆ ಕೇರಿ ಹಿಂದೆ ಉಳಿಯಿತು. ನಾವು ಮೊದಲ ಮಹಡಿಯ ಬಾಡಿಗೆ ಮನೆಗೆ ಬಂದೆವು. ಹಲವು ಮಂದಿಯ ಸರದಿ ಒಬ್ಬಳ ಪಾಲಿಗೆ ಬಂತು.

ಸಮಾಜ ಈ ಸರದಿಯನ್ನು ಪೂರ್ತಿ ಮರೆತಿಲ್ಲ. 1975ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಕರ್ನಾಟಕದ ಮೊದಲ ಅಂಗನವಾಡಿಗಳು ಶುರುವಾದವು. ಈಚಿನ ವರ್ಷಗಳಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳು ತೆರೆದಿವೆ. ದುಡಿಯಲೇಬೇಕಾದ ತಾಯಿಗೆ ಮನೆಯಲ್ಲಿ ಉಳಿಯುವ ಆಯ್ಕೆಯೇ ಇಲ್ಲ. ನನಗೆ ಅದು ಸಿಕ್ಕಿದೆ ಎಂಬ ಅರಿವು ನನಗಿದೆ. ಮನೆಯಲ್ಲಿರುವವಳು, ಕೆಲಸಕ್ಕೆ ಹೋಗುವವಳು, ಇಬ್ಬರಲ್ಲಿ ಯಾರು ಒಳ್ಳೆಯ ತಾಯಿ ಎಂಬ ವಾದ ನನಗೆ ಬೇಡ. ಇಬ್ಬರಿಗೂ ಬೇಕಾದದ್ದು ಒಂದೇ: ಜೊತೆಗೆ ಕಾಯುವವರು.

ಮಗಳನ್ನು ಗದರಿದ ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಒಂದು ಮಾತು ಬದಲಾಯಿತು. ಅದುವರೆಗೆ ನನ್ನ ಗಂಡ "ಏನಾದರೂ ಸಹಾಯ ಮಾಡಲಾ?" ಎಂದು ಕೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು. ಆದರೆ ಸಹಾಯ ಎಂದರೆ ಕೆಲಸ ನನ್ನದು ಎಂದೇ ಅರ್ಥ. ಈಗ ದಿನಾ ಸಂಜೆ ಏಳು ಗಂಟೆಗೆ ಅವರು "ನನ್ನ ಸರದಿ" ಎನ್ನುತ್ತಾರೆ. ಊಟ ಮಾಡಿಸುವುದು, ಮೈ ಒರೆಸಿ ಬಟ್ಟೆ ಬದಲಿಸುವುದು, ಕತೆ ಹೇಳಿ ಮಲಗಿಸುವುದು ಅವರ ಪಾಲಿನದು. ಮೊದಲ ವಾರ ಮಗಳು ನನಗಾಗಿ ಹಠ ಮಾಡಿದಳು. ಬಾಗಿಲಾಚೆ ನಿಂತು ಒಳಗೆ ಹೋಗದೆ ಇರುವುದು ನನಗೂ ಸುಲಭವಾಗಿರಲಿಲ್ಲ. ಈಗ ಆ ಹೊತ್ತಿನಲ್ಲಿ ತಾರಸಿಗೆ ಹೋಗಿ ಒಂದಷ್ಟು ನಡೆದು ಬರುತ್ತೇನೆ. ಕಿವಿಗೂ ಸ್ವಲ್ಪ ಬಿಡುವು ಸಿಗುತ್ತದೆ. ಕೆಳಗೆ ಬಂದಾಗ ಮಗಳನ್ನು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ಕೇಳುಗರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಚಿಕ್ಕ ಮಗುವಿನ ತಾಯಿಯೊಬ್ಬಳು ಇದ್ದೇ ಇರುತ್ತಾಳೆ. ಮಗಳಿರಬಹುದು, ಸೊಸೆಯಿರಬಹುದು, ಎದುರು ಮನೆಯವಳಿರಬಹುದು. ಅವಳನ್ನು ಹೊಗಳುವುದು ಬೇಡ. ಒಂದು ಗಂಟೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಈಗ ನನ್ನ ಸರದಿ, ನೀನು ಹೋಗಿ ಬಾಮ್ಮ" ಎನ್ನಿ. ಅವಳು ಬಿಸಿಬಿಸಿಯಾಗಿ ಒಂದು ಲೋಟ ಕಾಫಿ ಕುಡಿಯಲಿ, ತಲೆಗೆ ಸ್ನಾನ ಮಾಡಲಿ, ಇಲ್ಲವೇ ಸುಮ್ಮನೆ ಮಲಗಲಿ.

ಮುಂದಿನ ತಿಂಗಳು ನಮ್ಮ ನೆಂಟರಲ್ಲಿ ಮತ್ತೊಂದು ಮದುವೆಯಿದೆ. ಈಗೇನು ಮಾಡ್ಕೊಂಡಿದ್ದೀಯ ಎಂದು ಖಂಡಿತ ಯಾರಾದರೂ ಕೇಳುತ್ತಾರೆ. ಈ ಸಲ "ಮಗು ಕಾಯ್ತಿದ್ದೀನಿ" ಎನ್ನುತ್ತೇನೆ.