ಪ್ರಾಜೆಕ್ಟ್ ಕೊಳ್ಳಬೇಡಿ, ಮಾಡಿ!



ನಾನು ಪಿಯುಸಿ ಓದಿದವ, ಪ್ರಿಂಟಿಂಗ್ ಪ್ರೆಸ್ಸಿನವ. ಬೈಂಡಿಂಗಿಗೆ ಪ್ರಾಜೆಕ್ಟ್ ವರದಿ ತಂದ ಇಂಜಿನಿಯರಿಂಗ್ ಹುಡುಗನನ್ನು ಕೇಳಿದೆ: "ತಮ್ಮಾ, ಇದರಾಗ ಏನೈತಿ?" ತಲೆ ತಗ್ಗಿಸಿದ. ಪೇಟೆಯಲ್ಲಿ ಕೊಂಡು ತಂದ ಪ್ರಾಜೆಕ್ಟ್; ಅಪ್ಪ ಮೆಣಸಿನಕಾಯಿ ಮಾರಿದ ರೊಕ್ಕ!

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಕೊನೆಯ ವರ್ಷದಲ್ಲಿ ಕಾಲೇಜಿನ ಮೂಲಕ ಅರ್ಜಿ ಹಾಕಿ. ವಿದ್ಯಾರ್ಥಿವೇತನಕ್ಕೆ ಸರಕಾರದ ಎಸ್‌ಎಸ್‌ಪಿ ಉಂಟು. ವಿಷಯ ಬೇಕೇ? ನಮ್ಮ ಎರೆಹೊಲದ ಬಿರುಕು, ಬೆಣ್ಣಿಹಳ್ಳದ ನೆರೆ ಕಣ್ಣೆದುರಿಗಿವೆ.

ನೌಕರಿಯ ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳದೆ ಬಿಡುವುದಿಲ್ಲ. ನೀವೇ ಮಾಡಿದ್ದನ್ನು ಮೊದಲು ಅವ್ವನಿಗೆ ಕನ್ನಡದಲ್ಲಿ ಹೇಳಿ. ಆಕೆಗೆ ತಿಳಿದರೆ ನಿಮಗೂ ತಿಳಿದಂತೆ. ಇಂಗ್ಲಿಷನ್ನು ಆಮೇಲೆ ಕಲಿಯಬಹುದು. ಕೊಂಡು ತಂದದ್ದನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳಲಾಗದು!