ಮೂತ್ರದ ದಾರಿಯ ನರಗಳು



ಕೊಟ್ಟಾರ ಚೌಕಿಯಲ್ಲಿ ಬಸ್ಸಿಗೆ ಕಾಯುವಾಗ ಮೂತ್ರಕ್ಕೆ ಅವಸರವಾದರೆ ಹೇಗೋ ತಡೆದುಕೊಳ್ಳುತ್ತೀರಿ. ಮನೆಗೆ ಬಂದು ಹೊಯ್ಯಲು ತೊಡಗಿದ ಮೇಲೆ ನಡುವೆ ನಿಲ್ಲಿಸುವುದು ಮಾತ್ರ ಕಷ್ಟ. ಏಕೆ? ನಾಚಿಕೊಳ್ಳಬೇಡಿ, ಇದು ವಿಜ್ಞಾನದ ಪ್ರಶ್ನೆಯೇ.

ಮೂತ್ರಕೋಶ ತುಂಬಿ ಹಿಗ್ಗಿದ ಸುದ್ದಿಯನ್ನು ಅದರ ಗೋಡೆಯ ನರಗಳು ಮಿದುಳುಬಳ್ಳಿಗೆ ಮುಟ್ಟಿಸುತ್ತವೆ. ಕೋಶದಿಂದ ಮೂತ್ರ ಹೊರಬರುವ ನಾಳಕ್ಕೂ ಜ್ಞಾನವಾಹಿ ನರಗಳಿವೆ. (ಮೂತ್ರಪಿಂಡದಿಂದ ಕೋಶಕ್ಕೆ ಇಳಿಯುವ ನಾಳಗಳು ಬೇರೆ.) ಇವುಗಳಲ್ಲಿ ಹಲವು ಪ್ಯುಡೆಂಡಲ್ ನರದ ಮೂಲಕ ಮಿದುಳುಬಳ್ಳಿಯ ಕೆಳತುದಿಯ ಭಾಗವನ್ನು ಸೇರುತ್ತವೆ.

ಇಂಗ್ಲೆಂಡಿನ ಬ್ಯಾರಿಂಗ್ಟನ್ ಎಂಬ ವೈದ್ಯ 1914 ಮತ್ತು 1931ರ ನಡುವೆ ಪ್ರಕಟಿಸಿದ ಲೇಖನಗಳಲ್ಲಿ ಒಂದು ಸೊಗಸಾದ ಸಂಗತಿಯನ್ನು ವಿವರಿಸಿದರು. ಬೆಕ್ಕಿನ ಈ ನಾಳದಲ್ಲಿ ದ್ರವ ಹರಿದರೆ ಸಾಕು, ಮೂತ್ರಕೋಶ ಸಂಕುಚಿಸುತ್ತದೆ! ಅಂದರೆ ಹರಿಯುವ ಮೂತ್ರವೇ "ಇನ್ನೂ ಮುಗಿದಿಲ್ಲ, ಒತ್ತು" ಎಂದು ಕೋಶಕ್ಕೆ ಹೇಳಿಕಳಿಸುತ್ತದೆ. ಕೋಶ ಪೂರ್ತಿ ಬರಿದಾಗಲು ಈ ಪರಾವರ್ತಿತ ಪ್ರತಿಕ್ರಿಯೆ ನೆರವಾಗುತ್ತದೆ. ನಾಳವನ್ನು ಮರಗಟ್ಟಿಸಿದರೆ ಸ್ವಲ್ಪ ಮೂತ್ರ ಒಳಗೇ ಉಳಿಯಬಹುದು.

ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಶಾಲೆಯ ಶೌಚಾಲಯ ಕೊಳಕೆಂದು, ನಮ್ಮ ಕರಾವಳಿಯ ಈ ಸೆಕೆಯಲ್ಲೂ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರು ಎಷ್ಟೋ ಮಂದಿ. ತಪ್ಪು ಅವರದಲ್ಲ, ಶೌಚಾಲಯದ್ದು. ಸೋಂಕು ತಗಲಿದಾಗ ಉರಿಯ ಸುದ್ದಿ ಒಯ್ಯುವುದೂ ಇಂಥ ನರಗಳೇ. ಕೋಶ ಬರಿದಾಗಿದ್ದರೂ ಮತ್ತೆ ಮತ್ತೆ ಅವಸರವಾಗುವುದು ಅವು ಕೆರಳುವುದರಿಂದ. ಹಾಗಾದರೆ ಅಮ್ಮನಿಗೆ ತಿಳಿಸಿ, ವೈದ್ಯರಲ್ಲಿಗೆ ಹೋಗಿ. ಬಿಡುವಿನ ಗಂಟೆ ಬಾರಿಸಿತೆಂದು ಅರ್ಧಕ್ಕೇ ಎದ್ದು ಓಡಬೇಡಿ. ಟೀಚರ್ ಎರಡು ನಿಮಿಷ ಕಾಯುತ್ತಾರೆ.